ಆಕಸ್ಮಿಕವೋ, ಅಲ್ಲವೋ? ಲೆಕ್ಕ ಹಾಕಿ ನೋಡೋಣ

(ಸಂಘದ ವಾರ್ಷಿಕ ಶೈಕ್ಷಣಿಕ ಶಿಬಿರದಲ್ಲಿ ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)





ಸಂಭವನೀಯತೆಯ ಬಗ್ಗೆ ಮಾತನಾಡುತ್ತೇನೆಂದು ನಾನು ಹೇಳಿದಾಗ ಕಮಿಟಿಯ ಹಿರಿಯರೊಬ್ಬರು ನಗುತ್ತಲೇ ಕೇಳಿದರು: "ಸಾರ್, ಇದು ದಾಳ, ಇಸ್ಪೀಟು, ನಾಣ್ಯ ಚಿಮ್ಮುವ ಲೆಕ್ಕವಲ್ಲವೇ? ನಮ್ಮ ಮಕ್ಕಳಿಗೆ ಯಾಕೆ?" ನಕ್ಕು ಬಿಟ್ಟುಬಿಡುವ ಪ್ರಶ್ನೆಯಲ್ಲ ಇದು. ಯುರೋಪಿನಲ್ಲಿ ಈ ಶಾಸ್ತ್ರ ಬೆಳೆದದ್ದು ಜೂಜಿನ ಮೇಜಿನ ಸುತ್ತಲೇ. ಅರ್ಧಕ್ಕೆ ನಿಂತ ಆಟದ ಪಣವನ್ನು ಹೇಗೆ ಹಂಚಬೇಕೆಂದು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಫ್ರೆಂಚ್ ಗಣಿತಜ್ಞರು ಪತ್ರ ಬರೆದುಕೊಂಡರು. ಕುರ್‌ಆನ್ ಜೂಜನ್ನು, ಅಂದರೆ ಮೈಸಿರ್ ಅನ್ನು, ನಿಷೇಧಿಸಿದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಜೂಜಾಡುವುದು ಬೇರೆ, ಜೂಜಿನ ಲೆಕ್ಕ ತಿಳಿಯುವುದು ಬೇರೆ. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಷೇಧವಾಗುವವರೆಗೆ ದಿನಗೂಲಿಯನ್ನೆಲ್ಲ ಟಿಕೆಟ್ ಅಂಗಡಿಗೆ ಸುರಿದ ಮನೆಗಳನ್ನು ಹಿರಿಯರೆಲ್ಲ ಕಂಡಿದ್ದೀರಿ. ಈ ಲೆಕ್ಕ ನಿಜವಾಗಿ ತಲೆಗೆ ಇಳಿದವನು ಆ ಅಂಗಡಿಯ ಮುಂದೆ ನಿಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ನೇಮಕಾತಿ ಪಟ್ಟಿ ಹೊರಬಿತ್ತು. 25 ಹೆಸರುಗಳಲ್ಲಿ ನಮ್ಮ ಸಮುದಾಯದ್ದು ಒಂದೇ ಒಂದು. ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯ ಅಂಗಳದಲ್ಲೇ ಚರ್ಚೆ ಶುರುವಾಯಿತು. "ರಾಜ್ಯದಲ್ಲಿ ನೂರಕ್ಕೆ 13 ಮಂದಿ ನಾವು. 25ರಲ್ಲಿ ಮೂವರಾದರೂ ಬೇಡವೇ?" ಮನವಿಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಸಂಖ್ಯಾಶಾಸ್ತ್ರ ಪಾಠ ಮಾಡುವವನಲ್ಲವೇ! ಸಿಟ್ಟಿನಲ್ಲೇ ಬರೆದೆ. "ಇದು ಆಕಸ್ಮಿಕವಾಗಿರಲು ಸಾಧ್ಯವೇ ಇಲ್ಲ" ಎಂಬ ವಾಕ್ಯವನ್ನೂ ಸೇರಿಸಿದೆ. ಅಧಿಕಾರಿಯವರು ಪೂರ್ತಿ ಓದಿದರು. ಆಮೇಲೆ ಸಮಾಧಾನದಿಂದಲೇ ಎರಡು ಪ್ರಶ್ನೆ ಕೇಳಿದರು. "ಸಾಧ್ಯವೇ ಇಲ್ಲ ಅಂತ ಬರೆದಿದ್ದೀರಿ, ಲೆಕ್ಕ ಹಾಕಿದ್ದೀರಾ? ನಿಮ್ಮವರು ಎಷ್ಟು ಮಂದಿ ಅರ್ಜಿ ಹಾಕಿದ್ದರು?" ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಹದಿನೈದು ವರ್ಷ ತರಗತಿಯಲ್ಲಿ ದ್ವಿಪದ ವಿತರಣೆ ಕಲಿಸಿದ ನಾನು, ಅದನ್ನು ಬಳಸಬೇಕಾದ ಒಂದೇ ಒಂದು ಸಂದರ್ಭದಲ್ಲಿ ಮರೆತು ಕುಳಿತಿದ್ದೆ. ಆ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಇಂದಿನ ನನ್ನ ಮಾತು. ಅದಕ್ಕೆ ಮೊದಲು ಸ್ವಲ್ಪ ಪಾಠ ಬೇಕು.

ಒಂದು ಸಣ್ಣ ಲೆಕ್ಕ ತೆಗೆದುಕೊಳ್ಳಿ. ಐದು ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳ ಆಯ್ಕೆ. ಏನೂ ಓದದೆ ಬಂದ ಹುಡುಗ ಕಣ್ಣುಮುಚ್ಚಿ ಗುರುತು ಹಾಕುತ್ತಾನೆ. ಸರಿಯಾಗಿ ಎರಡು ಉತ್ತರ ಸರಿಯಾಗುವ ಸಂಭವನೀಯತೆ ಎಷ್ಟು?

ಸೂತ್ರ ಹುಡುಕಲು ಹೊರಡಬೇಡಿ. ಮೊದಲು ಇದು ದ್ವಿಪದ ವಿತರಣೆಯ ಲೆಕ್ಕ ಹೌದೋ ಅಲ್ಲವೋ ನೋಡಿ. ಎಷ್ಟು ಸಲ ಪ್ರಯತ್ನವೆಂದು ಮೊದಲೇ ಗೊತ್ತಿದೆಯೇ? ಇದೆ, ಐದು, ಅದು ಎನ್. ಪ್ರತಿ ಸಲವೂ ಎರಡೇ ಫಲಿತಾಂಶವೇ? ಹೌದು, ಸರಿ ಅಥವಾ ತಪ್ಪು. ಸರಿಯಾಗುವ ಸಂಭವನೀಯತೆ ಪ್ರತಿ ಸಲವೂ ಒಂದೇ ಆಗಿದೆಯೇ? ಹೌದು, ನಾಲ್ಕರಲ್ಲಿ ಒಂದು, ಅದು ಪಿ. ಒಂದು ಪ್ರಶ್ನೆಯ ಫಲಿತಾಂಶ ಇನ್ನೊಂದರ ಮೇಲೆ ಪ್ರಭಾವ ಬೀರುತ್ತದೆಯೇ? ಇಲ್ಲ. ಈ ನಾಲ್ಕನೆಯ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುವುದೇ ಇಲ್ಲ. ಒಂದೇ ಮನೆಯ ನಾಲ್ವರಲ್ಲಿ ಒಬ್ಬನಿಗೆ ಜ್ವರ ಬಂದರೆ ಉಳಿದವರಿಗೂ ಹರಡಬಹುದು. ಅಲ್ಲಿ ದ್ವಿಪದ ಸೂತ್ರ ಹಾಕಿದರೆ ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ.

ಈಗ ಲೆಕ್ಕ. ಮೊದಲ ಎರಡು ಸರಿ, ಉಳಿದ ಮೂರು ತಪ್ಪು ಎಂದಿಟ್ಟುಕೊಳ್ಳಿ. ಅದರ ಸಂಭವನೀಯತೆ 1/4 × 1/4 × 3/4 × 3/4 × 3/4, ಅಂದರೆ 27/1024. ಆದರೆ ಸರಿಯಾದ ಎರಡು ಯಾವುವಾದರೂ ಆಗಬಹುದು. ಐದರಲ್ಲಿ ಎರಡನ್ನು ಆರಿಸುವ ವಿಧಾನಗಳು 5 × 4 ÷ 2 = 10. ಹಾಗಾಗಿ ಉತ್ತರ 270/1024, ಸುಮಾರು 0.26. ಸೂತ್ರವೆಂದರೆ ಇಷ್ಟೇ: ಎಷ್ಟು ವಿಧ, ಒಂದೊಂದು ವಿಧಕ್ಕೆ ಎಷ್ಟು, ಎರಡನ್ನೂ ಗುಣಿಸಿ.

ಆ ಹತ್ತು ಎಲ್ಲಿಂದ ಬಂತು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಮೇಲಿನಿಂದ ಇಳಿಯುತ್ತ ಬರುವ ಸಂಖ್ಯೆಗಳನ್ನು ಗುಣಿಸಿ, ಕೆಳಗಿನಿಂದ ಏರುತ್ತ ಹೋಗುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸುವ ಈ ವಿಕಲ್ಪದ ನಿಯಮವನ್ನು ಸುಮಾರು ಕ್ರಿ.ಶ. 850ರ ಹೊತ್ತಿಗೆ ಜೈನ ಗಣಿತಜ್ಞ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಬರೆದರು. ಆ ಗ್ರಂಥದಲ್ಲಿ ಅವರು ಹೊಗಳಿರುವ ದೊರೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದಾದ ಸುಮಾರು ಒಂದೂವರೆ ಶತಮಾನಕ್ಕೆ ಬಗ್ದಾದಿನಲ್ಲಿ ಅಲ್-ಕರಜಿ ಇದೇ ಸಂಖ್ಯೆಗಳನ್ನು ತ್ರಿಕೋನಾಕಾರದಲ್ಲಿ ಜೋಡಿಸಿದರು. ಅವರ ಆ ಬರಹ ಉಳಿದಿಲ್ಲ. 12ನೇ ಶತಮಾನದ ಅಸ್-ಸಮವ್‌ಅಲ್ ತಮ್ಮ 'ಅಲ್-ಬಾಹಿರ್' ಗ್ರಂಥದಲ್ಲಿ ಅದನ್ನು ದಾಖಲಿಸಿದ್ದರಿಂದ ನಮಗೆ ತಿಳಿಯಿತು. ಪಠ್ಯಪುಸ್ತಕದಲ್ಲಿ ಅದಕ್ಕೆ ಪಾಸ್ಕಲ್ ತ್ರಿಕೋನವೆಂದು ಹೆಸರು. ಪಾಸ್ಕಲ್ ಹುಟ್ಟಿದ್ದು 1623ರಲ್ಲಿ! ನನ್ನ ತರಗತಿಯಲ್ಲಿ ನಾನು ಮೂರೂ ಹೆಸರು ಹೇಳುತ್ತಿದ್ದೆ.

ಅದೇ ಐದು ಪ್ರಶ್ನೆಗಳಲ್ಲಿ ಕನಿಷ್ಠ ಒಂದು ಸರಿಯಾಗುವ ಸಂಭವನೀಯತೆ ಎಷ್ಟು? ಒಂದು, ಎರಡು, ಮೂರು, ನಾಲ್ಕು, ಐದು ಎಂದು ಐದು ಲೆಕ್ಕ ಮಾಡಿ ಕೂಡಿಸುವ ಶ್ರಮಜೀವಿಗಳಿದ್ದಾರೆ. ಒಂದೂ ಸರಿಯಾಗದಿರುವುದು 243/1024. ಅದನ್ನು 1ರಿಂದ ಕಳೆದರೆ 781/1024, ಸುಮಾರು 0.76. ಒಂದೇ ಸಾಲಿನಲ್ಲಿ ಮುಗಿಯಿತು.

ಉತ್ತರಪತ್ರಿಕೆ ತಿದ್ದಿದ ಅನುಭವದಿಂದ ಹೇಳುತ್ತೇನೆ, ಇಲ್ಲಿ ಅಂಕ ಕಳೆದುಕೊಳ್ಳುವುದು ಗಣಿತ ಬಾರದೆ ಅಲ್ಲ, ಭಾಷೆಯಲ್ಲಿ ಎಡವಿ. 'ಕನಿಷ್ಠ 2' ಎಂದರೆ 2ರಿಂದ ಮೇಲಕ್ಕೆ, 2 ಸೇರಿ. '2ಕ್ಕಿಂತ ಹೆಚ್ಚು' ಎಂದರೆ 3ರಿಂದ ಮೇಲಕ್ಕೆ. 'ಗರಿಷ್ಠ 2' ಎಂದರೆ 0, 1, 2. ಇಲ್ಲಿ ಸೊನ್ನೆಯನ್ನು ಮರೆಯುವವರೇ ಹೆಚ್ಚು. ಮನೆಯಲ್ಲಿ ಉರ್ದು ಮಾತನಾಡುವ ಮಕ್ಕಳು 'ಕನಿಷ್ಠ' ಎಂದಾಗ ಮನಸ್ಸಿನಲ್ಲೇ 'ಕಮ್ ಸೆ ಕಮ್' ಅಂದುಕೊಳ್ಳಿ, ತಪ್ಪಾಗದು. "ಕಮ್ ಸೆ ಕಮ್ ಎರಡು ರೊಟ್ಟಿ ತಿನ್ನು" ಎಂದು ಅಮ್ಮ ಹೇಳಿದರೆ ಮೂರು ತಿಂದವನಿಗೆ ಯಾರೂ ಬೈಯುವುದಿಲ್ಲ.

ಈಗ ಐದರ ಬದಲು ಅರವತ್ತಕ್ಕೆ ಬನ್ನಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, ನಾಲ್ಕು ಆಯ್ಕೆ, ತಪ್ಪಿಗೆ ಅಂಕ ಕಡಿತವಿಲ್ಲ. ಎಲ್ಲವನ್ನೂ ಕಣ್ಣುಮುಚ್ಚಿ ಗುರುತಿಸಿದವನಿಗೆ 20 ಅಥವಾ ಹೆಚ್ಚು ಅಂಕ ಬರುವ ಸಂಭವನೀಯತೆ ಎಷ್ಟು? 20ರಿಂದ 60ರವರೆಗೆ 41 ಲೆಕ್ಕ! ಕೈಯಲ್ಲಿ ಮಾಡಲು ಹೊರಟರೆ ಮಗ್ರಿಬ್ ಆದೀತು.

ಇದೇ ಕಷ್ಟಕ್ಕೆ ಪರಿಹಾರ ಹುಡುಕಿದವರು ಅಬ್ರಹಾಂ ಡಿ ಮಾವ್ರ್. ಫ್ರಾನ್ಸಿನಲ್ಲಿ ಪ್ರೊಟೆಸ್ಟೆಂಟ್ ಅಲ್ಪಸಂಖ್ಯಾತರಿಗೆ ಇದ್ದ ಹಕ್ಕುಗಳನ್ನು ದೊರೆ 1685ರಲ್ಲಿ ಕಿತ್ತುಕೊಂಡ ಮೇಲೆ ಲಂಡನ್ನಿಗೆ ವಲಸೆ ಹೋದವರು. ಅಷ್ಟು ದೊಡ್ಡ ಗಣಿತಜ್ಞರಾಗಿದ್ದರೂ ಪರದೇಶಿಯಾದ ಅವರಿಗೆ ಅಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ. ಮನೆಪಾಠ ಹೇಳಿಯೇ ಜೀವನ ಸಾಗಿಸಿದರು. ಎನ್ ದೊಡ್ಡದಾದಂತೆ ದ್ವಿಪದ ವಿತರಣೆಯ ಚಿತ್ರ ಗಂಟೆಯಾಕಾರದ ಒಂದು ನಯವಾದ ರೇಖೆಗೆ ಹತ್ತಿರವಾಗುತ್ತದೆಂದು 1733ರಲ್ಲಿ ತೋರಿಸಿದರು. ಅದೇ ನಾರ್ಮಲ್ ವಿತರಣೆ. ಮುಂದೆ 1809ರಲ್ಲಿ ಗೌಸ್ ಖಗೋಳ ಅಳತೆಗಳ ತಪ್ಪುಗಳಿಗೆ ಅದೇ ರೇಖೆಯನ್ನು ಬಳಸಿದ್ದರಿಂದ ಕೀರ್ತಿ ಹೆಚ್ಚಾಗಿ ಅವರಿಗೆ ಹೋಯಿತು.

ಈ ರೇಖೆಗೆ ಬೇಕಾದದ್ದು ಎರಡೇ ಸಂಖ್ಯೆ: ಸರಾಸರಿ ಮತ್ತು ಮಾನಕ ವಿಚಲನೆ. ಸರಾಸರಿ ಎಂದರೆ ಎನ್ × ಪಿ, ಇಲ್ಲಿ 60 × 1/4 = 15. ಅದನ್ನು ಮತ್ತೆ ತಪ್ಪಾಗುವ ಸಂಭವನೀಯತೆಯಿಂದ, ಅಂದರೆ 3/4ರಿಂದ ಗುಣಿಸಿದರೆ 11.25, ಅದರ ವರ್ಗಮೂಲ 3.35. ಅದೇ ಮಾನಕ ವಿಚಲನೆ. ಸರಾಸರಿ ಎಲ್ಲಿ ನಿಂತಿದೆ ಎಂದು ಮೊದಲನೆಯದು ಹೇಳುತ್ತದೆ. ಕೇವಲ ಅದೃಷ್ಟದಿಂದಲೇ ಅದರ ಆಚೀಚೆ ಎಷ್ಟು ಓಲಾಡುವುದು ಸಹಜ ಎಂದು ಎರಡನೆಯದು ಹೇಳುತ್ತದೆ.

ಈಗ ಒಂದು ಸೂಕ್ಷ್ಮ. ದ್ವಿಪದ ವಿತರಣೆ ಮೆಟ್ಟಿಲಿನಂತೆ, 19 ಆದ ಮೇಲೆ 20. ನಾರ್ಮಲ್ ರೇಖೆ ಇಳಿಜಾರಿನಂತೆ, ನಡುವೆ ಎಲ್ಲ ಸಂಖ್ಯೆಗಳೂ ಇವೆ. 20 ಎಂಬ ಮೆಟ್ಟಿಲು ಇಳಿಜಾರಿನ ಮೇಲೆ 19.5ರಿಂದ ಆರಂಭವಾಗುತ್ತದೆ. ಆದ್ದರಿಂದ 19.5 − 15 = 4.5, ಅದನ್ನು 3.35ರಿಂದ ಭಾಗಿಸಿದರೆ 1.34. ಇದೇ ಝಡ್, ಸರಾಸರಿಯಿಂದ ಎಷ್ಟು ಮಾನಕ ವಿಚಲನೆಗಳಷ್ಟು ದೂರ ಎಂಬ ಅಳತೆ. ಕೋಷ್ಟಕದಲ್ಲಿ 1.34ರ ಎದುರು 0.9099 ಇದೆ, ಅದು ಎಡಭಾಗದ ವಿಸ್ತೀರ್ಣ. ನಮಗೆ ಬೇಕಾದದ್ದು ಬಲಭಾಗ: 1 − 0.9099 = 0.0901. ನೂರಕ್ಕೆ 9. ಅರ್ಧದ ತಿದ್ದುಪಡಿ ಮರೆತಿದ್ದರೆ ಝಡ್ 1.49 ಆಗಿ, ನೂರಕ್ಕೆ 7 ಎಂಬ ಉತ್ತರ ಬರುತ್ತಿತ್ತು.

ಇದನ್ನು ಕೇಳಿ ಯಾರಾದರೂ ಓದದೆ ಹೋದೀರಿ! ಅದೇ ಹುಡುಗನಿಗೆ 30 ಅಥವಾ ಹೆಚ್ಚು ಬರುವ ಸಂಭವನೀಯತೆಯನ್ನು ಕಂಪ್ಯೂಟರಿನಲ್ಲಿ ದ್ವಿಪದ ಸೂತ್ರದಿಂದಲೇ ಲೆಕ್ಕ ಹಾಕಿದೆ: ಲಕ್ಷಕ್ಕೆ ಸುಮಾರು ಮೂರು. ನಾರ್ಮಲ್ ರೇಖೆ ಇದಕ್ಕೆ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ ಎನ್ನುತ್ತದೆ. ಅಂದರೆ ನಡುವಿನಲ್ಲಿ ಚೆನ್ನಾಗಿ ಹೊಂದುವ ರೇಖೆ ತುದಿಗಳಲ್ಲಿ ಅಷ್ಟು ನಂಬಿಕಸ್ಥವಲ್ಲ.

ನೇರವಾಗಿ ನಾರ್ಮಲ್ ಎಂದೇ ಕೊಡುವ ಲೆಕ್ಕಗಳು ಇನ್ನೂ ಸುಲಭ. 500 ವಿದ್ಯಾರ್ಥಿಗಳ ಅಂಕಗಳ ಸರಾಸರಿ 52, ಮಾನಕ ವಿಚಲನೆ 12. 70ಕ್ಕಿಂತ ಹೆಚ್ಚು ಪಡೆದವರು ಎಷ್ಟು? ಗಂಟೆಯ ಚಿತ್ರ ಬರೆದು, ಬೇಕಾದ ಭಾಗಕ್ಕೆ ಗೆರೆ ಎಳೆದು ಮುಂದುವರಿಯಿರಿ. ಝಡ್ 1.5, ಬಲಭಾಗ 0.0668, ಅದನ್ನು 500ರಿಂದ ಗುಣಿಸಿದರೆ 33 ಮಂದಿ. ಆದರೆ ನಿಜವಾದ ಅಂಕಪಟ್ಟಿ ಹೀಗೆ ಗಂಟೆಯಂತೆ ಇರುತ್ತದೆಂದು ನಂಬಬೇಡಿ. 35ಕ್ಕೆ ಪಾಸು ಎಂಬ ನಿಯಮವಿದ್ದಲ್ಲಿ 33 ಪಡೆದವನನ್ನು ಯಾವ ಮೇಷ್ಟ್ರೂ ಸುಮ್ಮನೆ ಬಿಡುವುದಿಲ್ಲ. 35ರ ಹತ್ತಿರ ಒಂದು ಗುಡ್ಡ, ಅದರ ಹಿಂದೆ ಒಂದು ಹೊಂಡ ಕಾಣುತ್ತದೆ.

ಪಾಠ ಇಷ್ಟು ಸಾಕು. ಈಗ ಮನವಿಪತ್ರದ ವಿಷಯಕ್ಕೆ ಹೋಗುವ ಮುಂಚೆ, ಇದೇ ಲೆಕ್ಕ ನಿಜವಾಗಿ ನ್ಯಾಯಾಲಯದಲ್ಲಿ ನಿಂತ ಪ್ರಸಂಗವೊಂದನ್ನು ಹೇಳಬೇಕು.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹಿಡಾಲ್ಗೋ ಎಂಬ ಕೌಂಟಿ ಇದೆ. 1970ರಲ್ಲಿ ಅಲ್ಲಿನ ಜನರಲ್ಲಿ ಶೇ. 79.1 ಮಂದಿ ಮೆಕ್ಸಿಕನ್ ಮೂಲದವರಾಗಿದ್ದರು. ಒಬ್ಬನ ಮೇಲೆ ಮೊಕದ್ದಮೆ ಹೂಡಬೇಕೇ ಬೇಡವೇ ಎಂದು ಅಲ್ಲಿ ಗ್ರ್ಯಾಂಡ್ ಜ್ಯೂರಿ ಎಂಬ ನಾಗರಿಕರ ಮಂಡಳಿ ತೀರ್ಮಾನಿಸುತ್ತದೆ. ಹನ್ನೊಂದು ವರ್ಷಗಳಲ್ಲಿ ಆ ಮಂಡಳಿಗೆ ಕರೆಯಲ್ಪಟ್ಟವರು 870 ಮಂದಿ. ಅವರಲ್ಲಿ ಮೆಕ್ಸಿಕನ್ ಮೂಲದವರು 339 ಮಾತ್ರ. ಪಾರ್ಟಿಡಾ ಎಂಬ ಆರೋಪಿ ಇದನ್ನೇ ಎತ್ತಿಕೊಂಡು ತಕರಾರು ಮಾಡಿದ. 1977ರಲ್ಲಿ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಅದೇ ನೀವು ಈಗ ಮಾಡಿದ ಲೆಕ್ಕ: 870 × 0.791, ನಿರೀಕ್ಷಿತ ಸಂಖ್ಯೆ 688. ಅದನ್ನು 0.209ರಿಂದ ಗುಣಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ 12. ಕೊರತೆ 349. ಭಾಗಿಸಿ ನೋಡಿ, 29 ಮಾನಕ ವಿಚಲನೆ! ಎರಡು ಮೂರು ಮಾನಕ ವಿಚಲನೆ ಮೀರಿದರೇ ಆಕಸ್ಮಿಕವೆಂಬ ಊಹೆ ಅನುಮಾನಾಸ್ಪದವೆಂದು ತೀರ್ಪಿನ ಅಡಿಟಿಪ್ಪಣಿ ಹೇಳಿತು. ಇಷ್ಟು ಕೊರತೆ ಕೇವಲ ಆಕಸ್ಮಿಕವಾಗಿ ಬರುವ ಸಂಭವನೀಯತೆ, 1ರ ಮುಂದೆ 140 ಸೊನ್ನೆ ಹಾಕಿದ ಸಂಖ್ಯೆಯಲ್ಲಿ ಒಂದಕ್ಕಿಂತ ಕಡಿಮೆ. ಸರ್ಕಾರದ ಕಡೆಯವರು ಬೇರೆ ವಿವರಣೆ ಕೊಡಲಿಲ್ಲ. ಐದು ನ್ಯಾಯಾಧೀಶರು ತಾರತಮ್ಯವೆಂದರು, ನಾಲ್ವರು ಒಪ್ಪಲಿಲ್ಲ. ಎರಡನೇ ಪಿಯುಸಿಯ ಲೆಕ್ಕ ಅಷ್ಟು ಎತ್ತರದ ನ್ಯಾಯಾಲಯದ ತೀರ್ಪಿನಲ್ಲಿ ಅಚ್ಚಾಯಿತು.

ಇನ್ನು ನಮ್ಮ ಪಟ್ಟಿ. ಮೊದಲ ಪ್ರಶ್ನೆ: ಲೆಕ್ಕ ಹಾಕಿದ್ದೀರಾ? 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸ್ಲಿಮರು ಶೇ. 12.92. ಪಿ 0.13 ಎಂದಿಟ್ಟುಕೊಳ್ಳೋಣ, ಎನ್ 25. ನಿರೀಕ್ಷಿತ ಸಂಖ್ಯೆ 3.25. ಇದು ಐದಕ್ಕಿಂತ ಕಡಿಮೆ ಇರುವುದರಿಂದ ನಾರ್ಮಲ್ ರೇಖೆಗೆ ಹೋಗಬಾರದು, ದ್ವಿಪದ ಸೂತ್ರವನ್ನೇ ಹಿಡಿಯಬೇಕು. ಒಬ್ಬರೂ ಇಲ್ಲದಿರುವ ಸಂಭವನೀಯತೆ 0.87ನ್ನು 25 ಸಲ ಗುಣಿಸಿದಾಗ 0.031. ಒಬ್ಬರು ಮಾತ್ರ ಇರುವುದು 0.115. ಎರಡೂ ಸೇರಿ 0.146. ಅಂದರೆ ಯಾರೂ ಯಾವ ತಾರತಮ್ಯವನ್ನೂ ಮಾಡದಿದ್ದರೂ, ಇಂಥ ಏಳು ಪಟ್ಟಿಗಳಲ್ಲಿ ಒಂದರಲ್ಲಿ ನಮ್ಮವರು ಒಬ್ಬರೋ ಸೊನ್ನೆಯೋ ಇರುವುದು ಸಹಜ. ನಾನು ಬರೆದದ್ದು "ಸಾಧ್ಯವೇ ಇಲ್ಲ" ಎಂದು!

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಆಮೇಲೆ ವಿಚಾರಿಸಿದಾಗ ಅರ್ಜಿ ಹಾಕಿದ ಸುಮಾರು 400 ಮಂದಿಯಲ್ಲಿ ನಮ್ಮವರು 20 ಎಂದು ತಿಳಿಯಿತು. ಸಂಖ್ಯೆಗಳನ್ನು ಲೆಕ್ಕಕ್ಕಾಗಿ ಸ್ವಲ್ಪ ದುಂಡಗೆ ಮಾಡಿದ್ದೇನೆ. ಹಾಗಾದರೆ ಆಯ್ಕೆ ಸಮಿತಿಯ ಮುಂದಿದ್ದ ಪಿ 0.13 ಅಲ್ಲ, 0.05. ಈಗ ಒಬ್ಬರು ಅಥವಾ ಯಾರೂ ಇಲ್ಲದಿರುವ ಸಂಭವನೀಯತೆ 0.277 ಮತ್ತು 0.365, ಸೇರಿ 0.642. ನೂರಕ್ಕೆ 64! ಆ ಪಟ್ಟಿಯಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ.

ಒಂದು ಕ್ಷಣ ನಿಲ್ಲಿ. ಇದರಿಂದ ತಾರತಮ್ಯವೇ ಇಲ್ಲವೆಂದು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. 25 ಹೆಸರುಗಳ ಪಟ್ಟಿ ಬಹಳ ಚಿಕ್ಕದು, ಅದರಿಂದ ಯಾವ ಕಡೆಗೂ ಏನನ್ನೂ ಸಾಧಿಸಲಾಗದು. ಪಟ್ಟಿ 400 ಹುದ್ದೆಗಳದಾಗಿ ಅದರಲ್ಲಿ ನಮ್ಮವರು 16 ಇದ್ದರೆ? ಅನುಪಾತ ಅದೇ, ಶೇ. 4. ಪಿ 0.13 ಆದರೆ ಸರಾಸರಿ 52, ಮಾನಕ ವಿಚಲನೆ 6.73, 16.5ರಿಂದ 52 ಕಳೆದು ಭಾಗಿಸಿದರೆ ಝಡ್ −5.27. ಪರೀಕ್ಷೆಗೆ ಕೊಡುವ ಕೋಷ್ಟಕದಲ್ಲಿ ಇಷ್ಟು ದೂರದ ಸಾಲೇ ಇರುವುದಿಲ್ಲ. ಆಕಸ್ಮಿಕವೆಂಬ ಮಾತು ಅಲ್ಲಿಗೆ ಮುಗಿಯಿತು. ಆದರೆ ಅರ್ಜಿದಾರರಲ್ಲಿ ನಾವು ಶೇ. 5 ಮಾತ್ರ ಇದ್ದರೆ ಸರಾಸರಿ 20, ಮಾನಕ ವಿಚಲನೆ 4.36, ಝಡ್ −0.80, ಸಂಭವನೀಯತೆ 0.21. ಅದೇ 16 ಮಂದಿ, ಅದೇ 400 ಹುದ್ದೆ. ಪಿ ಯಾವುದೆಂಬುದರ ಮೇಲೆ ಉತ್ತರವೇ ತಲೆಕೆಳಗಾಯಿತು. ಪಠ್ಯಪುಸ್ತಕದ ಲೆಕ್ಕದಲ್ಲಿ ಪಿ ಎಷ್ಟೆಂದು ಅಚ್ಚು ಹಾಕಿ ಕೊಟ್ಟಿರುತ್ತಾರೆ. ಹೊರಗಿನ ಲೆಕ್ಕದಲ್ಲಿ ಕೆಲಸವೆಲ್ಲ ಅದನ್ನು ಹುಡುಕುವುದರಲ್ಲೇ ಇದೆ.

2006ರ ಸಾಚಾರ್ ಸಮಿತಿ ವರದಿಯನ್ನು ನಾವೆಲ್ಲ ಭಾಷಣಗಳಲ್ಲಿ ಉಲ್ಲೇಖಿಸುತ್ತೇವೆ. ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 13.4, ಐಎಎಸ್‌ನಲ್ಲಿ ಶೇ. 3, ಐಪಿಎಸ್‌ನಲ್ಲಿ ಶೇ. 4. ಬರೀ ಸಾವಿರ ಅಧಿಕಾರಿಗಳೆಂದು ಹಿಡಿದರೂ ನಿರೀಕ್ಷೆ 134, ಮಾನಕ ವಿಚಲನೆ ಸುಮಾರು 10.8, ಇರುವವರು 30. ಒಂಬತ್ತು ಮಾನಕ ವಿಚಲನೆಗಿಂತ ಹೆಚ್ಚಿನ ಕೊರತೆ. ಇದು ಖಂಡಿತ ಆಕಸ್ಮಿಕವಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ, ಭಾಷಣಗಳಲ್ಲಿ ಅದು ಬರುವುದು ಅಪರೂಪ. 2003 ಮತ್ತು 2004ರಲ್ಲಿ ನಾಗರಿಕ ಸೇವೆಯ ಲಿಖಿತ ಪರೀಕ್ಷೆಗೆ ಕುಳಿತವರಲ್ಲಿ ಮುಸ್ಲಿಮರು ಶೇ. 4.9 ಮಾತ್ರ, ಕುಳಿತವರ ಯಶಸ್ಸಿನ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಇತರರಷ್ಟೇ. ಅಂದರೆ ಆ ಎರಡು ವರ್ಷಗಳ ಮಟ್ಟಿಗೆ ಜರಡಿ ಪರೀಕ್ಷಾ ಕೊಠಡಿಯಲ್ಲಿರಲಿಲ್ಲ, ಅದಕ್ಕಿಂತ ಬಹಳ ಮೊದಲೇ ಇತ್ತು. ಎಂಟನೇ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜಿಗೆ ಹೋದ ಹುಡುಗನಲ್ಲಿ, ಊರಿನಲ್ಲಿ ಕಾಲೇಜಿಲ್ಲವೆಂದು ಮನೆಯಲ್ಲೇ ಉಳಿದ ಹುಡುಗಿಯಲ್ಲಿ, ಅರ್ಜಿ ಕರೆದದ್ದೇ ತಿಳಿಯದ ಮೊಹಲ್ಲಾಗಳಲ್ಲಿ. ಆ ಹುಡುಗ ಯಾಕೆ ಶಾಲೆ ಬಿಟ್ಟ ಎಂಬುದರಲ್ಲಿ ಸರ್ಕಾರದ ಪಾಲೂ ಇದೆ, ನಮ್ಮ ಪಾಲೂ ಇದೆ. ಎಷ್ಟು ಎಷ್ಟು ಎಂದು ಝಡ್ ಕೋಷ್ಟಕ ಹೇಳುವುದಿಲ್ಲ. ಯಾವ ಬಾಗಿಲು ಬಡಿಯಬೇಕೆಂದು ಮಾತ್ರ ಹೇಳುತ್ತದೆ. ನಾನು ಅಂದು ತಪ್ಪು ಬಾಗಿಲು ಬಡಿದಿದ್ದೆ.

ಆ ಮನವಿಪತ್ರದ ಪ್ರತಿ ಇನ್ನೂ ನನ್ನ ಫೈಲಿನಲ್ಲಿದೆ. ಅದಾದ ಮೇಲೆ ಸಂಘದ ಕಚೇರಿಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟೆವು. ಪ್ರತಿ ನೇಮಕಾತಿ ಪ್ರಕಟಣೆಗೂ ಒಂದು ಪುಟ: ಹುದ್ದೆ ಎಷ್ಟು, ಒಟ್ಟು ಅರ್ಜಿ ಎಷ್ಟು, ನಮ್ಮೂರಿನಿಂದ ಅರ್ಜಿ ಹಾಕಿದವರು ಯಾರು, ಪರೀಕ್ಷೆಗೆ ಕುಳಿತವರೆಷ್ಟು, ಆಯ್ಕೆಯಾದವರೆಷ್ಟು. ಮೂರನೆಯ ಕಲಮು ಬಹಳ ಪುಟಗಳಲ್ಲಿ ಖಾಲಿ ಇದೆ. ಊಟದ ವಿರಾಮದಲ್ಲಿ ಅದನ್ನು ಹೊರಗಿನ ಮೇಜಿನ ಮೇಲೆ ಇಡಲು ಹೇಳಿದ್ದೇನೆ. ಈ ವರ್ಷ ಎಲ್ಲಿಗಾದರೂ ಅರ್ಜಿ ಹಾಕಿದವರು ದಯವಿಟ್ಟು ನಿಮ್ಮ ಹೆಸರು ಬರೆದು ಹೋಗಿ. ಪೆನ್ನು ಅಲ್ಲೇ ದಾರ ಕಟ್ಟಿ ಇಟ್ಟಿದೆ.